ಒತ್ತಿ ಹಿಡಿದರೆ ‘ಇಲ್ಲ’

ಬಾಯ್ಲರ್ ಸಿಡಿದ ದಿನ ಇಬ್ಬರು ಸತ್ತರು. ಬದುಕುಳಿದವನಿಗೆ ಮಾತು ಹೋಯಿತು. ಇಡೀ ಮೈಯಲ್ಲಿ ಆಡುತ್ತಿದ್ದುದು ಬಲಗೈಯ ಒಂದೇ ಬೆರಳು. ಮಗಳು ಆ ಬೆರಳಿಗೆಂದೇ ಕೀಬೋರ್ಡ್ ಹೊಂದಿಸಿ ಕಂಪ್ಯೂಟರಿನಲ್ಲಿ ನಿಯಮ ಬರೆದಿದ್ದಳು: ಕೀ ಮುಟ್ಟಿ ಬಿಟ್ಟರೆ ಪರದೆಯ ಮೇಲೆ ‘ಹೌದು’, ಒತ್ತಿ ಹಿಡಿದರೆ ‘ಇಲ್ಲ’.

ಫ್ಯಾಕ್ಟರಿಯ ಮ್ಯಾನೇಜರು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. “ವಾಲ್ವ್ ತಿರುಗಿಸೋದು ಮರ್ತವನು ನೀನೇ ಅಲ್ವೇನಯ್ಯಾ?”

ವಾಲ್ವ್ ತುಕ್ಕು ಹಿಡಿದಿದೆ ಎಂದು ಮೂರು ಸಲ ಬರೆದುಕೊಟ್ಟವನು ಅವನು. ಇದ್ದ ಬಲವನ್ನೆಲ್ಲ ಬೆರಳಿಗೆ ತಂದು ಕೀಯನ್ನು ಒತ್ತಿ ಹಿಡಿದ. ಪರದೆಯಲ್ಲಿ ‘ಹೌದು’ ಮೂಡಿತು.

ಮತ್ತೆ ಒತ್ತಿದ, ಉಗುರು ಬೆಳ್ಳಗಾಗುವ ತನಕ. ‘ಹೌದು.’

“ಎರಡೆರಡು ಸಲ ಒಪ್ಕೊಂಡ್ಯಲ್ಲಯ್ಯಾ, ಭೇಷ್! ಇಬ್ಬರ ಸಾವೂ ನಿನ್ನ ತಲೆಗೇ ಬಂತು.” ಮ್ಯಾನೇಜರು ಪರದೆಯ ಫೋಟೊ ತೆಗೆದುಕೊಂಡು ಎದ್ದರು.

ಕೀಬೋರ್ಡ್ ಕೆಟ್ಟಿದೆ ಅಂತ ಹೇಳೇ ಮಗಳೇ, ಎಂದು ಅವನ ಕಣ್ಣು ಅಂಗಲಾಚಿತು. ಮಗಳು ಮ್ಯಾನೇಜರನ್ನು ಬಾಗಿಲ ತನಕ ಕಳಿಸಿ ಬಂದು, ಅವನ ಬೆರಳನ್ನು ಮೆಲ್ಲಗೆ ಕೀಯಿಂದ ಎತ್ತಿದಳು.

“ಕೆಟ್ಟಿಲ್ಲ ಅಪ್ಪಾ. ಇವತ್ತೊಂದಿನಕ್ಕೆ ಎರಡಕ್ಕೂ ‘ಹೌದು’ ಅಂತಾನೇ ಬರೆದಿದ್ದೆ. ನಾಳೆಯಿಂದ ಅದೇ ಫ್ಯಾಕ್ಟ್ರೀಲಿ ನಂಗೆ ಕೆಲಸ.”