ಏಳು ತಿಂಗಳ ಸಾಕ್ಷಿ

"ಊದಿ, ಊದಿ... ಇನ್ನೂ ಊದಿ!" ಎಂದು ನರ್ಸ್ ಗಂಟಲು ಹರಿಯುವಂತೆ ಕೂಗಿದಳು. ನಲವತ್ತೆರಡರ ಟೈಲರ್ ಕಣ್ಣು ಮೇಲೆ ಮಾಡಿ ಉಸಿರಿನ ಬಲ ಅಳೆಯುವ ಕೊಳವೆಯೊಳಗೆ ಊದಿದ. ಮೂರು ಸಲ ಊದಿದರೂ ಕಂಪ್ಯೂಟರಿನ ಗೆರೆ ಅರ್ಧಕ್ಕೇ ಮಲಗಿಬಿಟ್ಟಿತು.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ದಿನಕ್ಕೆ ಎಷ್ಟು ಸಿಗರೇಟು?"

"ಒಂದೂ ಇಲ್ಲ ಸಾರ್."

"ತಿಂಗಳು ತುಂಬಿ ಹುಟ್ಟಿದ್ರಾ?"

ಟೈಲರ್ ತಲೆ ತಗ್ಗಿಸಿದ. ಅಪ್ಪ ಅಮ್ಮನ ಮದುವೆಯಾಗಿ ಏಳೇ ತಿಂಗಳಿಗೆ ಹುಟ್ಟಿದವನು ಅವನು. ಮಗು ಬೇಗ ಬಂತು ಎಂದು ಅಮ್ಮ ಹೇಳುತ್ತಲೇ ಬಂದಿದ್ದಳು. ನೆಂಟರು ಹೂಂಗುಟ್ಟಿ ಆಚೆ ತಿರುಗಿ ನಗುತ್ತಲೇ ಬಂದಿದ್ದರು. ಸೋದರತ್ತೆಯಂತೂ ಇಂದಿಗೂ ಅವನನ್ನು ಕಂಡರೆ ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದಳು. ನಿಜ ಹೇಳಬೇಕೆಂದರೆ, ಅವನೂ ಅಮ್ಮನನ್ನು ನಂಬಿರಲಿಲ್ಲ.

"ಏಳು ತಿಂಗಳಿಗೆ ಅಂತ... ಅಮ್ಮ ಹೇಳ್ತಾರೆ."

"ಮತ್ತೆ! ಅದಕ್ಕೇ ಹೀಗೆ. ಶ್ವಾಸಕೋಶ ಪೂರ್ತಿ ಬೆಳೆಯೋ ಮೊದಲೇ ಹೊರಗೆ ಬಂದಿದ್ದೀರಿ. ವಯಸ್ಸಾಗ್ತಾ ಕಾಡುತ್ತೆ."

ಮೂಲೆಯಲ್ಲಿ ಕೂತಿದ್ದ ಅಮ್ಮ ಚೀಲ ಕೆಳಗಿಟ್ಟು ಎದ್ದು ನಿಂತಳು. "ಬರೆದು ಕೊಡ್ತೀರಾ ಡಾಕ್ಟ್ರೇ? ಸೀಲು ಹಾಕಿ."

"ಔಷಧಿ ತಾನೇ?"

"ಔಷಧಿ ಆಮೇಲೆ. ಇವನು ಬೇಗ ಹುಟ್ಟಿದ್ದು ಅಂತ."

ಡಾಕ್ಟರು ತಬ್ಬಿಬ್ಬಾಗಿ ವರದಿಯ ಮೇಲೆಯೇ ಬರೆದು ಸೀಲು ಒತ್ತಿದರು. "ಇನ್ಹೇಲರ್ ಬರೆದಿದ್ದೀನಿ, ಬಿಡಬೇಡಿ. ಪೂರ್ತಿ ವಾಸಿ ಅಂತ ಆಗಲ್ಲ."

"ವಾಸಿಯಾಗಲ್ವಂತೆ, ಕೇಳಿದ್ಯೇನೋ!" ಎಂದು ಅಮ್ಮ ಚಪ್ಪಾಳೆ ತಟ್ಟಿಯೇಬಿಟ್ಟಳು. ಮರುಕ್ಷಣವೇ ಅದೇ ಕೈಯಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಟೈಲರ್‌ಗೆ ತನ್ನ ಉಸಿರಿನ ಚಿಂತೆಗಿಂತ ಅಮ್ಮನನ್ನು ಇಷ್ಟು ವರ್ಷ ನಂಬದೇ ಇದ್ದ ನಾಚಿಕೆಯೇ ಹೆಚ್ಚಾಯಿತು.

ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ನೇರ ಸೋದರತ್ತೆಯ ಮನೆಗೆ ಹೋದರು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಬಾಗಿಲ ಮುಂದೆ ನಿಲ್ಲುವಷ್ಟರಲ್ಲಿ ಟೈಲರ್‌ನ ಎದೆ ಸುಂಯ್‌ಗುಡುತ್ತಿತ್ತು. ಆಗಷ್ಟೇ ಕೊಂಡಿದ್ದ ಇನ್ಹೇಲರ್‌ಗಾಗಿ ಅವನು ಜೇಬಿಗೆ ಕೈ ಹಾಕಿದ.

ಅಮ್ಮ ಒಂದು ಕೈಯಿಂದ ಅವನ ಬೆನ್ನು ನೀವುತ್ತಾ ಇನ್ನೊಂದು ಕೈಯಿಂದ ಕರೆಗಂಟೆ ಒತ್ತಿದಳು.

"ಒಂದೇ ನಿಮಿಷ ತಡಿ, ನನ್ನಪ್ಪ. ಅವಳು ಬಾಗಿಲು ತೆಗೆಯೋವರೆಗೆ ಹೀಗೇ ಏದುಸಿರು ಬಿಡ್ತಾ ಇರು."