ಯಜಮಾನರ ಪಥ್ಯ

ಒಬ್ಬರು ಪಥ್ಯ ಮಾಡಿದರೆ ಇನ್ನೊಬ್ಬರ ಸಕ್ಕರೆ ಇಳಿಸುವ ಕೈಪಟ್ಟಿ ಊರಿಗೆ ಬಂದ ವಾರವೇ ಅತ್ತೆ ಅದನ್ನು ನನ್ನ ಕೈಗೆ ಕಟ್ಟಿದರು, ವ್ರತದ ದಾರ ಕಟ್ಟಿದ ಹಾಗೆ. ಸಕ್ಕರೆ ಕಾಯಿಲೆ ನಮ್ಮ ಯಜಮಾನರದು. ಹಾಗಲಕಾಯಿ, ಅರ್ಧ ಮುದ್ದೆ, ಬೆಳಗಿನ ನಡಿಗೆ ಎಲ್ಲವೂ ನನ್ನವು. ನಾನು ಕಡ್ಡಿಯಾದೆ, ಅವರು ಗುಂಡಗಾದರು.

ಯುಗಾದಿಯ ದಿನ ಒಬ್ಬಟ್ಟು ತಟ್ಟುತ್ತಿದ್ದಾಗ ಕಣ್ಣು ಕತ್ತಲಿಟ್ಟಿತು. ಮೈಯೆಲ್ಲ ಬೆವರಿ ಗೋಡೆ ಹಿಡಿದು ಕುಸಿದೆ.

"ರೀ, ಕೈಕಾಲು ನಡುಗ್ತಿದೆ. ಒಂದು ಚೂರು ಬೆಲ್ಲ ಕೊಡಿ."

ಎಲೆಯ ಮುಂದಿನಿಂದ ಎದ್ದು ಓಡಿ ಬಂದರು. ಡಬ್ಬಿ ತೆಗೆದರು. ಬೆಲ್ಲ ಹಿಡಿದ ಅವರ ಕೈ ನನ್ನ ಬಾಯಿಯ ಹತ್ತಿರ ಬಂದು ನಿಂತಿತು.

"ಸ್ವಲ್ಪ ತಡ್ಕೋ ಪಂಕಜ," ಎಂದರು ಮೆಲ್ಲಗೆ. "ನೀನು ತಿಂದ್ರೆ ನಂಗೆ ಶುಗರ್ ಏರತ್ತೆ. ಎಲೇಲಿ ಇನ್ನೂ ಎರಡು ಒಬ್ಬಟ್ಟಿದೆ."