ಅವ್ವ ಕಣ್ಣು ಮುಚ್ಚಿದ್ದಾಗ
ಶೇಂಗಾ ಚಟ್ನಿಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗಿ ನನ್ನ ಮುಖ ಬಿಸಿಯಾಗುತ್ತದೆ.

ಆಗ ನಾನು ನಮ್ಮೂರು ಸೂಡಿಯಿಂದ ಗಜೇಂದ್ರಗಡದ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೆ. ಆ ದಿನ ಅಲ್ಲಿನ ಬಸ್ ನಿಲ್ದಾಣದಲ್ಲಿ ಅವ್ವ ರೊಟ್ಟಿ-ಚಟ್ನಿಯ ಗಂಟು ಬಿಚ್ಚಿ, ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸತೊಡಗಿದಳು: “ಯೇಸಪ್ಪಾ, ನಿನ್ನಿನೂ ಕೊಟ್ಟಿ, ಇವತ್ತೂ ಕೊಟ್ಟಿ. ಒಂದಿನಾನೂ ನಮ್ಮ ಕೈ ಬಿಡಲಿಲ್ಲ.”

ಜನ ತಿರುಗಿ ನೋಡಿದರು. ಅಷ್ಟರಲ್ಲಿ ನನ್ನ ತರಗತಿಯ ಶಬಾನಾ ಬಂದು, “ಯಾರ ಇಕಿ?” ಎಂದಳು.

“ನಮ್ಮ ಮನಿ ಕೆಲಸದಾಕಿ” ಎಂದುಬಿಟ್ಟೆ.

ಅವ್ವ ಆಮೆನ್ ಎಂದು ಕಣ್ಣು ತೆರೆದಳು. ರೊಟ್ಟಿ ಮುರಿದು ಅರ್ಧವನ್ನು ಶಬಾನಾಳ ಕೈಗಿಟ್ಟು, “ತಿನ್ನವಾ” ಎಂದಳು. ಉಳಿದರ್ಧವನ್ನು ನನ್ನತ್ತ ಚಾಚಿ, ಮುಖ ನೋಡದೆ, ಮೆಲ್ಲಗೆ ಹೇಳಿದಳು:

“ನೀವೂ ತಗೋರಿ, ಅಕ್ಕಾರ.”

ನಾನು ತೆಗೆದುಕೊಂಡೆ.